ಪ್ರತೀಕಾರಕ್ಕೆ ಅಡ್ಡಬಂದ ಸಮವಸ್ತ್ರ

2015ರಲ್ಲಿ ತೆರೆಕಂಡ ‘ದಿ ರೆವೆನಂಟ್’ ಚಿತ್ರಕ್ಕೆ ಮರುವರ್ಷ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು. ನಾಯಕ ಲಿಯೊನಾರ್ಡೊ ಡಿಕ್ಯಾಪ್ರಿಯೊ, ನಿರ್ದೇಶಕ ಇನ್ಯಾರಿತು, ಛಾಯಾಗ್ರಾಹಕ ಲುಬೆಜ್ಕಿ ಮೂವರೂ ಆ ಗೌರವಕ್ಕೆ ಅರ್ಹರೇ. ಆದರೆ ಚಿತ್ರಕ್ಕೆ ಆಧಾರವಾದ ಘಟನೆಯು ಚಿತ್ರಕ್ಕಿಂತಲೂ ಹೆಚ್ಚು ವಿಚಾರಯೋಗ್ಯವಾದುದು ಎಂಬುದು ನನ್ನ ಅಭಿಪ್ರಾಯ.

1823ರಲ್ಲಿ ಅಮೆರಿಕದ ಮಿಸೌರಿ ನದಿಯ ಮೇಲ್ಭಾಗವು ತುಪ್ಪಳ ವ್ಯಾಪಾರದ ಗಡಿನಾಡಾಗಿತ್ತು. ಟೋಪಿ ತಯಾರಿಕೆಗೆ ಬೀವರ್ ಎಂಬ ಪ್ರಾಣಿಯ ತುಪ್ಪಳಕ್ಕೆ ಅಪಾರ ಬೇಡಿಕೆಯಿತ್ತು. ವ್ಯಾಪಾರಿ ವಿಲಿಯಂ ಆಶ್ಲಿಯ ತಂಡದಲ್ಲಿದ್ದ ಹ್ಯೂ ಗ್ಲಾಸ್‌ನನ್ನು ಕರಡಿಯೊಂದು ಸೀಳಿಹಾಕಿತು. ಅವನು ಸಾಯುವವರೆಗೆ ಕಾವಲಿರಲು ಹಣದ ಭರವಸೆಯ ಮೇಲೆ ಇಬ್ಬರನ್ನು ಬಿಟ್ಟು ತಂಡ ಮುಂದೆ ಸಾಗಿತು. ಒಬ್ಬ ಫಿಟ್ಜ್‌ಜೆರಾಲ್ಡ್, ಇನ್ನೊಬ್ಬ, ಜಿಮ್ ಬ್ರಿಜರ್ ಎಂದು ನಂಬಲಾಗಿರುವ ಎಳೆಯ ತರುಣ. ಅವರು ಗ್ಲಾಸ್‌ನ ಬಂದೂಕನ್ನೂ ಎತ್ತಿಕೊಂಡು ಅವನನ್ನು ತೊರೆದು ಹೋದರು. ಗ್ಲಾಸ್ ತೆವಳುತ್ತ, ಕುಂಟುತ್ತ ಸುಮಾರು 300 ಕಿಲೋಮೀಟರ್ ದೂರದ ಕಿಯೋವಾ ಕೋಟೆಯನ್ನು ಸೇರಿ ಬದುಕುಳಿದ.

ಚಿತ್ರವು ಅವನಿಗೊಬ್ಬ ಮಗನನ್ನು ಸೃಷ್ಟಿಸಿ, ಆ ಮಗನನ್ನು ತಂದೆಯ ಕಣ್ಣೆದುರೇ ಕೊಲ್ಲಿಸುತ್ತದೆ. ಬೆನ್ನಟ್ಟುವಿಕೆ ರಕ್ತದಲ್ಲಿ ಮುಗಿಯುತ್ತದೆ. ಚರಿತ್ರೆಯಲ್ಲಿ ಹಾಗಾಗಲಿಲ್ಲ. ಲಭ್ಯ ವೃತ್ತಾಂತಗಳ ಪ್ರಕಾರ, ಗ್ಲಾಸ್ ತರುಣನನ್ನು ಅವನ ವಯಸ್ಸು ನೋಡಿ ಕ್ಷಮಿಸಿದ. 1824ರಲ್ಲಿ ಆಟ್ಕಿನ್ಸನ್ ಕೋಟೆಯಲ್ಲಿ ಸಿಕ್ಕ ಫಿಟ್ಜ್‌ಜೆರಾಲ್ಡ್ ಅಷ್ಟರಲ್ಲಿ ಸೈನ್ಯ ಸೇರಿದ್ದ. ಸೈನಿಕನನ್ನು ಕೊಂದರೆ ತನ್ನ ಕೊರಳಿಗೇ ಉರುಳು. ಗ್ಲಾಸ್ ತನ್ನ ಬಂದೂಕನ್ನು ಮರಳಿ ಪಡೆದು ಹೊರಟುಹೋದ.

ಕಲಾವಿದನ ಸ್ವಾತಂತ್ರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಕಾನೂನು ಎಂದರೆ ಶೂರನ ದಾರಿಯ ಮುಳ್ಳು ಎಂಬ ಭಾವನೆಯನ್ನು ಇಂಥ ಚಿತ್ರಗಳು ಬಲಪಡಿಸುತ್ತವೆ. ಉಪವಿಭಾಗಾಧಿಕಾರಿಯಾಗಿದ್ದಾಗ ಅಹವಾಲು ಹೊತ್ತು ಬರುತ್ತಿದ್ದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಿಟ್ಟು ಎಷ್ಟೇ ಇರಲಿ, ಬಹುತೇಕರು ಬಯಸುತ್ತಿದ್ದುದು ಎದುರಾಳಿಯ ನಾಶವನ್ನಲ್ಲ. ಕಳೆದುಕೊಂಡದ್ದು ಮರಳಿ ಸಿಗಬೇಕು, ತಮಗೆ ಅನ್ಯಾಯವಾಗಿದೆಯೆಂದು ಯಾರಾದರೂ ಒಪ್ಪಬೇಕು. ಗ್ಲಾಸ್ ಪಡೆದ ಬಂದೂಕಿನ ಅರ್ಥವೂ ಅದೇ ಇರಬೇಕು.

ಹಾಗೆಂದು ಆ ಪ್ರಭುತ್ವವನ್ನು ಕೊಂಡಾಡುವಂತಿಲ್ಲ. ಆಶ್ಲಿಯ ತಂಡದ ಮೇಲೆ ಅರಿಕಾರ ಬುಡಕಟ್ಟಿನವರು ದಾಳಿ ಮಾಡಿದ್ದಕ್ಕೆ ಉತ್ತರವಾಗಿ, ಅದೇ ಆಟ್ಕಿನ್ಸನ್ ಕೋಟೆಯ ಸೈನ್ಯ 1823ರ ಆಗಸ್ಟ್‌ನಲ್ಲಿ ಅವರ ಹಳ್ಳಿಗಳ ಮೇಲೆ ಏರಿಹೋಗಿತ್ತು. ವ್ಯಾಪಾರಿಯ ನಷ್ಟಕ್ಕೆ ಸೈನ್ಯ ಹೊರಟಿತು. ನೆಲವನ್ನೂ ಪ್ರಾಣಿಸಂಪತ್ತನ್ನೂ ಕಳೆದುಕೊಳ್ಳುತ್ತಿದ್ದವರ ದೂರು ಕೇಳುವ ನ್ಯಾಯಪೀಠ ಇರಲಿಲ್ಲ. 1833ರಲ್ಲಿ ಗ್ಲಾಸ್ ಹತನಾದದ್ದು ಅರಿಕಾರರ ಕೈಯಲ್ಲೇ. ಅಷ್ಟರಲ್ಲಿ ರೇಷ್ಮೆ ಟೋಪಿಗಳು ಬಳಕೆಗೆ ಬಂದು, ಬೀವರ್ ತುಪ್ಪಳದ ಬೇಡಿಕೆಯೂ ಇಳಿಯತೊಡಗಿತ್ತು.

ಸಮವಸ್ತ್ರ ಒಂದು ಕೊಲೆಯನ್ನು ತಡೆಯಿತು. ಆ ರಕ್ಷಣೆ ಎಲ್ಲರಿಗೂ ಇರಲಿಲ್ಲ. ಕಾನೂನು ಕೆಲವರ ಸೊತ್ತಾಗಿರುವಲ್ಲಿ ಉಳಿದವರು ಪ್ರತೀಕಾರವನ್ನೇ ನ್ಯಾಯವೆಂದು ಬಗೆಯುವುದು ಅನಿವಾರ್ಯ. ಅದನ್ನು ತಪ್ಪಿಸುವ ಹೊಣೆ ಆಡಳಿತದ್ದು. ತೆರೆಯ ಮೇಲಿನ ಶೂರನದಲ್ಲ.