ಬಣ್ಣದ ಕೂಲಿ ಮೊದಲು ಕೊಡಿ

ಏಪ್ರಿಲ್ 14 ಹತ್ತಿರ ಬಂತೆಂದರೆ ದೇವದುರ್ಗ, ಮಾನ್ವಿಯ ಕೇರಿಗಳಲ್ಲಿ ಚಿತ್ರ ಬರೆಯೋ ಹುಡುಗನನ್ನು ಹುಡುಕುತ್ತೇವೆ. 'ತಮ್ಮಾ, ಗ್ವಾಡಿ ಮ್ಯಾಲ ಬಾಬಾಸಾಹೇಬರನ್ನ ಬರಿಯಪ್ಪಾ' ಅಂತೀವಿ. ಆತ ಏಣಿ ಹತ್ತಿ ಎರಡು ದಿನ ಬಿಸಿಲಾಗ ನಿಂತು ಬರೀತಾನ. ಬಣ್ಣ ಆತಂದೇ, ಬ್ರಶ್ಶೂ ಆತಂದೇ. ನಾವು ಕೊಡೋದು ಒಂದು ಕಪ್ ಚಾ, ಒಂದು ಹಾರ. ರೊಕ್ಕ ಕೇಳಿದರೆ 'ಚಳವಳಿಗೂ ಕೂಲಿ ಕೇಳ್ತಿಯೇನಲೇ?' ಎಂದು ಬಾಯಿ ಮುಚ್ಚಿಸುತ್ತೇವೆ. ಅದೇ ರಾಯಚೂರಿನ ಫ್ಲೆಕ್ಸ್ ಅಂಗಡಿಯಲ್ಲಿ ನಮ್ಮ ಮುಖಾನೂ ಹಾಕಿಸಿಕೊಂಡು, ಚದರಡಿ ಲೆಕ್ಕದಲ್ಲಿ ಮುಂಗಡ ಎಣಿಸಿ ಬರುತ್ತೇವೆ!

ಜೀತ ರದ್ದಿನ ಕಾಯ್ದೆ 1976ರಲ್ಲೇ ಬಂತು. ಗೌಡನ ಮನೆಯ ಬಿಟ್ಟಿ ಚಾಕರಿಯನ್ನು ಬೈಯುವ ನಾವು ಮಾಡಿಸುತ್ತಿರುವುದೂ ಬಿಟ್ಟಿಯೇ. ಹೆಸರು ಮಾತ್ರ ಸೇವೆ.

ನಾಗಪುರದ ದಲಿತ ಕಲಾವಿದ ಸವಿ ಸಾವರ್ಕರ್ ಕೊರಳಿಗೆ ಮಡಕೆ ಕಟ್ಟಿಕೊಂಡ ಅಸ್ಪೃಶ್ಯನನ್ನು, ದೇವದಾಸಿಯನ್ನು ಚಿತ್ರಿಸಿದರು. ದಿಲ್ಲಿಯ ಕಲಾ ಕಾಲೇಜಿನಲ್ಲಿ ಮೇಷ್ಟ್ರಾದರು. ನಮ್ಮ ಹುಡುಗರ ಕೈಯಲ್ಲೂ ಕಸುವಿದೆ. ಆದರೆ ಬಿಟ್ಟಿ ಬರೆದು ಹಸಿದು ಮನೆಗೆ ಹೋದವನು ಕ್ಯಾನ್ವಾಸ್ ಎಲ್ಲಿಂದ ತರಬೇಕು? ಹತ್ತಿ ಬಿಡಿಸಾಕ ಹೋಗ್ತಾನ, ಇಲ್ಲಾ ಗಾರೆ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಬರುವ ಜಯಂತಿಗೆ ಮೊದಲು ಕೂಲಿ ಮಾತಾಡೋಣ. ಬಣ್ಣದ ರೊಕ್ಕ ಮುಂಗಡ ಕೊಡೋಣ. ಚಿತ್ರದ ಕೆಳಗೆ, ಪಟ್ಟಿ ಕೊಟ್ಟವರ ಹೆಸರಿಗಿಂತ ಮೇಲೆ, ಬರೆದವನ ಹೆಸರು, ಊರು ಇರಲಿ. ಹುಡುಗರೇ, ನೀವೂ ಕೂಲಿ ಕೇಳಾಕ ನಾಚಬ್ಯಾಡ್ರಿ, ಬಂದವರು ನಾವೇ ಆಗಿದ್ದರೂ.