ದರ ನಿಗದಿಪಡಿಸುವವರೇ ಕೂಲಿಗೂ ಹೊಣೆಗಾರರು

ಸಿರಿಗೇರಿಯ ಸುತ್ತಲಿನ ಎರೆಭೂಮಿಯಲ್ಲಿ ಬೆಳೆದ ಹತ್ತಿ ಯಾವ ದೇಶದ ಯಾವ ಅಂಗಡಿಯಲ್ಲಿ ಅಂಗಿಯಾಗಿ ಮಾರಾಟವಾಗುತ್ತದೆಂಬುದು ಅದನ್ನು ಬಿಡಿಸಿದ ಕೂಲಿ ಹೆಂಗಸಿಗೆ ತಿಳಿಯದು. ಅಂಗಿ ಕೊಂಡವನಿಗೂ ಅವಳ ಪರಿಚಯವಿಲ್ಲ. ಇವರಿಬ್ಬರ ನಡುವೆ ಬೀಜದ ಕಂಪೆನಿ, ರೈತ, ದಲ್ಲಾಳಿ, ಜಿನ್ನಿಂಗ್ ಮಿಲ್ಲು, ನೂಲಿನ ಗಿರಣಿ, ಗಾರ್ಮೆಂಟ್ಸ್ ಕಾರ್ಖಾನೆ, ರಫ್ತುದಾರ ಹೀಗೆ ಹತ್ತಾರು ಕೈಗಳಿವೆ. ಈ ಸರಪಣಿಯ ಎಲ್ಲಿಯಾದರೂ ಅನ್ಯಾಯ ಬಯಲಾದಾಗ ಪ್ರತಿಯೊಬ್ಬರೂ ತಮಗಿಂತ ಕೆಳಗಿನವರತ್ತ ಬೆರಳು ತೋರಿಸುತ್ತಾರೆ. ನಮ್ಮ ಪ್ರಶ್ನೆ ಬೇರೆ. ದರವನ್ನು ನಿಗದಿಪಡಿಸಿದವರು ಯಾರು?

ಹೈಬ್ರಿಡ್ ಹತ್ತಿ ಬೀಜದ ಉದಾಹರಣೆಯನ್ನೇ ನೋಡೋಣ. ಸಂಜೆ ಪ್ರತಿಯೊಂದು ಮೊಗ್ಗನ್ನು ಬಿಡಿಸಿ ಅದರ ಗಂಡು ಭಾಗವನ್ನು ಕೈಯಿಂದಲೇ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವನ್ನು ತಂದು ಅದಕ್ಕೆ ಪರಾಗ ಮುಟ್ಟಿಸಬೇಕು. ತಿಂಗಳುಗಟ್ಟಲೆ ನಡೆಯುವ ಈ ಕೆಲಸಕ್ಕೆ ಸಿರುಗುಪ್ಪದ ನೆರೆಯ ಕರ್ನೂಲು ಜಿಲ್ಲೆಯೂ ಸೇರಿದಂತೆ ಆಂಧ್ರಪ್ರದೇಶದಲ್ಲಿ ಬಳಕೆಯಾದವರು ಹೆಚ್ಚಾಗಿ ಹೆಣ್ಣುಮಕ್ಕಳು. ಹೆತ್ತವರಿಗೆ ಮುಂಗಡ ಹಣ ಕೊಟ್ಟು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲಾಗುತ್ತಿತ್ತು. ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಅವರ 2003ರ ವರದಿಯು ಇದರ ಹಿಂದೆ ಬಹುರಾಷ್ಟ್ರೀಯ ಕಂಪೆನಿಗಳ ನಂಟಿರುವುದನ್ನು ಜಗತ್ತಿನ ಮುಂದಿಟ್ಟಿತು. ಕಂಪೆನಿಗಳು ರೈತನಿಗೆ ನೀಡುತ್ತಿದ್ದ ಖರೀದಿ ಬೆಲೆಯಲ್ಲಿ ವಯಸ್ಕರಿಗೆ ನ್ಯಾಯವಾದ ಕೂಲಿ ಕೊಟ್ಟು ಲಾಭ ಕಾಣುವುದು ಕಷ್ಟವಾಗಿತ್ತೆಂಬುದೇ ಅದರ ತಿರುಳು. ರೈತ ನಿರ್ದೋಷಿ ಎಂದು ನಾವು ಹೇಳುತ್ತಿಲ್ಲ. ಆದರೆ ಅವನೊಬ್ಬನೇ ದೋಷಿಯೂ ಅಲ್ಲ.

2005ರ ಹೊತ್ತಿಗೆ ಬೇಯರ್, ಮೊನ್ಸಾಂಟೊದಂತಹ ಕಂಪೆನಿಗಳು ಮಕ್ಕಳನ್ನು ದುಡಿಸದ ರೈತರಿಗೆ ಖರೀದಿ ಬೆಲೆಯ ಮೇಲೆ ಶೇ. 5ರಷ್ಟು ಹೆಚ್ಚುವರಿ ನೀಡಲು ಮುಂದಾದವು. ತಮ್ಮ ದರಕ್ಕೂ ಮಗುವಿನ ದುಡಿಮೆಗೂ ಸಂಬಂಧವಿದೆಯೆಂದು ಅವು ಒಪ್ಪಿಕೊಂಡಂತಾಯಿತು. ಹಾಗಿದ್ದೂ ಪಿಡುಗು ತೊಲಗಲಿಲ್ಲ. 2015ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹತ್ತಿ ಬೀಜದ ಹೊಲಗಳನ್ನು ಕುರಿತು ಬಂದ ಅಧ್ಯಯನವು 14 ವರ್ಷಕ್ಕಿಂತ ಕೆಳಗಿನ ಸುಮಾರು 2 ಲಕ್ಷ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆಂದು ಅಂದಾಜಿಸಿತು.

ಸರಪಣಿಯ ಮೇಲ್ತುದಿಯಲ್ಲಿರುವವರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಇನ್ನೊಂದು ಸಾಕ್ಷಿಯಿದೆ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಲ್ಲಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಸರಕಾರ ಅದನ್ನು ಮುಂದೂಡಿತು. ಹೈಕೋರ್ಟು ಅದೇ ವರ್ಷ ಈ ಮುಂದೂಡಿಕೆಗೆ ತಡೆ ನೀಡಿದ ಮೇಲೂ ಹಲವು ಕಾರ್ಖಾನೆಗಳು ಹಣ ಕೊಡಲಿಲ್ಲ. ವಂಚಿತರಾದವರು 4 ಲಕ್ಷಕ್ಕೂ ಹೆಚ್ಚು ಮಂದಿ. ಕಾರ್ಮಿಕ ಸಂಘಟನೆಗಳು ಪಟ್ಟು ಬಿಡದೆ ಹೋರಾಡಿ, ವಿದೇಶಿ ಬ್ರಾಂಡ್‌ಗಳ ಮೇಲೆ ಒತ್ತಡ ಬಿದ್ದ ಬಳಿಕವೇ 2022ರ ಆರಂಭದಲ್ಲಿ ದೊಡ್ಡ ರಫ್ತುದಾರರು ಬಾಕಿ ತೀರಿಸಲು ಒಪ್ಪಿದರು. ನ್ಯಾಯಾಲಯದ ಆದೇಶಕ್ಕೆ ಮಣಿಯದವರು ಗಿರಾಕಿಯ ಮಾತಿಗೆ ಮಣಿದರೆಂಬುದು ನಾಚಿಕೆಗೇಡು. ಆದರೆ ಗಿರಾಕಿಯ ಕೈಯಲ್ಲಿ ಎಷ್ಟು ಶಕ್ತಿಯಿದೆಯೆಂಬುದಕ್ಕೂ ಅದೇ ಪುರಾವೆ.

ವಿದೇಶಿ ಕಂಪೆನಿಗಳನ್ನು ದೂರಿ ಸುಮ್ಮನಾದರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಜೀನ್ಸ್‌ಗೆ ಹೆಸರಾದ ಬಳ್ಳಾರಿಯಲ್ಲಿ ಹೊಲಿಯುವವರಲ್ಲೂ ಹೊಲಿಸುವವರಲ್ಲೂ ನಮ್ಮವರಿದ್ದಾರೆ. ದಾರ ಕತ್ತರಿಸುವ, ಗುಂಡಿ ಹಚ್ಚುವ ಕೆಲಸ ಪೀಸ್ ಲೆಕ್ಕದಲ್ಲಿ ಮನೆಗಳಿಗೆ ಬರುತ್ತದೆ. ತಾಯಿ ಕೈಗೆತ್ತಿಕೊಂಡ ಗಂಟನ್ನು ಮುಗಿಸಲು ಮಗಳೂ ಕೂರುತ್ತಾಳೆ. ಅವಳಿಗೆ ಹಾಜರಿ ಪುಸ್ತಕವಿಲ್ಲ, ಇ.ಎಸ್.ಐ. ಇಲ್ಲ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ಸಮಯದ ಹೊರಗೆ ಮನೆತನದ ಕಸುಬಿನಲ್ಲಿ ನೆರವಾಗುವುದಕ್ಕೆ ವಿನಾಯಿತಿ ನೀಡಿದೆ. ಪೀಸಿನ ದರ ತೀರಾ ಕಡಿಮೆಯಾದಾಗ ಈ ವಿನಾಯಿತಿಯ ಮರೆಯಲ್ಲಿ ಬಾಲ್ಯವೇ ಕರಗಿಹೋಗುತ್ತದೆ.

ಕೂಲಿಯನ್ನು ಮೊದಲೇ ತಿಳಿಸಬೇಕು, ದುಡಿಸಿಕೊಂಡ ಮೇಲೆ ತಡಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಶುಕ್ರವಾರದ ಪ್ರವಚನಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದು ನಮ್ಮ ಲೆಕ್ಕದ ಪುಸ್ತಕಕ್ಕೂ ಇಳಿಯಬೇಡವೇ? ಹೊಲಿಸುವವರು ಪೀಸಿನ ದರವನ್ನು ಗೋಡೆಯ ಮೇಲೆ ಬರೆದು ಹಾಕಲಿ. ದಿನವಿಡೀ ದುಡಿದ ವಯಸ್ಕಳಿಗೆ ಆ ದರದಲ್ಲಿ ಕನಿಷ್ಠ ವೇತನವಾದರೂ ದಕ್ಕುತ್ತದೆಯೇ ಎಂದು ಲೆಕ್ಕ ಹಾಕಲಿ. ಜಮಾಅತ್‌ಗಳು ಮನೆಗೆಲಸದ ಕೂಲಿಯ ತಕರಾರುಗಳನ್ನು ಆಲಿಸುವ ವ್ಯವಸ್ಥೆ ಮಾಡಲಿ. ಹಬ್ಬದ ಬಟ್ಟೆ ಕೊಳ್ಳುವಾಗ ಅಗ್ಗದ ಬೆಲೆಯ ಬಗ್ಗೆ ಹೆಮ್ಮೆಪಡುವ ನಾವು, ಆ ಅಗ್ಗದ ಉಳಿದ ಬೆಲೆಯನ್ನು ತೆತ್ತವರು ಯಾರೆಂದೂ ಕೇಳಿಕೊಳ್ಳೋಣ. ದಾನಕ್ಕಿಂತ ಮೊದಲು ಸಲ್ಲಬೇಕಾದದ್ದು ದುಡಿದವರ ಹಕ್ಕು.