ಕಿವಿಯಿಂದ ಓದುವವರ ಅಕ್ಷರ

ಅಕ್ಷರವಿರುವುದು ಕಣ್ಣಿಗಾಗಿ ಎಂಬುದು ಬಹುಜನರ ತಿಳಿವಳಿಕೆ. ಆದರೆ ಬರೆಹಕ್ಕಿಂತ ಮೊದಲು ನುಡಿಯಿತ್ತು. ಕಣ್ಣಿಗಿಂತ ಮೊದಲು ಕಿವಿಯೇ ವಿದ್ಯೆಯ ಬಾಗಿಲಾಗಿತ್ತು. ದೃಷ್ಟಿಯಿಲ್ಲದವನಿಗೆ ವಿದ್ಯೆಯಿಲ್ಲವೆಂಬ ಮಾತನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ತಮ್ಮ ಬಾಳಿನಿಂದಲೇ ಸುಳ್ಳುಮಾಡಿದರು. ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯಿಂದ ಬೆರಳ ತುದಿಗೆ ಓದುವ ಶಕ್ತಿಯನ್ನು ಕೊಟ್ಟನು. ಇಂದು ಗಣಕಯಂತ್ರವು ಪರದೆಯ ಮೇಲಿನ ಬರೆಹವನ್ನೇ ಧ್ವನಿಯಾಗಿಸಿ ಕಿವಿಗೆ ತಲುಪಿಸುತ್ತಿದೆ. ಈ ಕೆಲಸ ಮಾಡುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು.

ಇಂತಹ ತಂತ್ರಾಂಶಗಳಲ್ಲಿ ಎನ್‌ವಿಡಿಎ ಎಂಬುದು ಪ್ರಸಿದ್ಧವಾದುದು. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು 2006ರಲ್ಲಿ ಇದರ ರಚನೆಯನ್ನು ಆರಂಭಿಸಿದನು. ಬಳಿಕ ಅವನಂತೆಯೇ ದೃಷ್ಟಿಯಿಲ್ಲದ ಜೇಮ್ಸ್ ತೇ ಅವನ ಜೊತೆಗೂಡಿದನು. ಇದಕ್ಕೆ ಬೆಲೆ ತೆರಬೇಕಿಲ್ಲ. ಇದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿಸಾಧನವು ಕನ್ನಡವನ್ನೂ ಮರಾಠಿಯನ್ನೂ ನುಡಿಯಬಲ್ಲದು. ಹೀಗಿದ್ದರೂ ಓದು ಎಲ್ಲೆಡೆ ಸುಗಮವಾಗಿ ಸಾಗುವುದಿಲ್ಲ. ಅದಕ್ಕೆ ಕಾರಣ ಯಂತ್ರವೊಂದೇ ಅಲ್ಲ, ಬರೆಯುವವರೂ ಹೌದು.

ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ವ್ಯವಸ್ಥೆಯೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದಕ್ಕೆ ಹೊರತಾದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕುಳಿತಿದ್ದವು. ಅಂತಹ ಕಡತವು ಕಣ್ಣಿಗೆ ಶುದ್ಧ ಕನ್ನಡ. ಕಿವಿಗೆ ಅರ್ಥವಿಲ್ಲದ ಗದ್ದಲ.

ಯೂನಿಕೋಡಿನಲ್ಲಿ ಬರೆದ ಮಾತ್ರಕ್ಕೆ ತೊಡಕು ತೀರಿತೆನ್ನಲಾಗದು. ಕನ್ನಡದ ಅನುಸ್ವಾರಕ್ಕೂ ಸೊನ್ನೆಗೂ ಆಕಾರದಲ್ಲಿ ಹೆಚ್ಚಿನ ಭೇದವಿಲ್ಲ. ‘ಅಂಗಡಿ’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೆ ಕಣ್ಣು ಮೋಸಹೋಗುತ್ತದೆ, ಕಿವಿ ಮೋಸಹೋಗದು. ಯಂತ್ರವು ಪದದ ನಡುವೆ ‘ಸೊನ್ನೆ’ ಎಂದು ಸಾರುತ್ತದೆ. ‘ದುಃಖ’ದ ವಿಸರ್ಗಕ್ಕೆ ಬದಲಾಗಿ ವಿವರಣ ಚಿಹ್ನೆಯ ಎರಡು ಚುಕ್ಕೆಗಳನ್ನಿಟ್ಟರೆ ಪದವು ಎರಡು ತುಂಡಾಗುತ್ತದೆ. ಇನ್ನು ಕೆಲವು ಚಿಹ್ನೆಗಳು ಕಣ್ಣಿಗೆ ಕಾಣಿಸುವುದೇ ಇಲ್ಲ. ‘ರ್‍ಯಾಂಕ್’ ಎಂದು ಬರೆಯುವಾಗ ರಕಾರವು ಅರ್ಕಾವತ್ತಾಗದಂತೆ ತಡೆಯುವುದು ಅಗಲವಿಲ್ಲದ ಒಂದು ಜೋಡಕ ಚಿಹ್ನೆ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರವು ಒತ್ತಕ್ಷರವಾಗದಂತೆ ಕಾಯುವುದು ಅಗಲವಿಲ್ಲದ ಇನ್ನೊಂದು ಚಿಹ್ನೆ. ಇವುಗಳ ಗುಣವನ್ನರಿಯದ ತಂತ್ರಾಂಶವು ಪದವನ್ನು ಅಲ್ಲಿಯೇ ಕತ್ತರಿಸಿಬಿಡಬಹುದು.

ಈ ತೊಡಕಿನ ಪೂರ್ಣ ಸ್ವರೂಪವನ್ನು ಕಾಣಬೇಕಾದರೆ ಗಡಿನಾಡಿಗೆ ಬರಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗವು ಮುಂಬಯಿ ರಾಜ್ಯದಲ್ಲಿತ್ತು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಾಗಲಿ, ಅಥಣಿಯ ಚಪ್ಪಲಿ ಮಾಡುವ ಕೇರಿಯಲ್ಲಾಗಲಿ ಕನ್ನಡ ಮರಾಠಿಗಳೆರಡೂ ಒಂದೇ ನಾಲಗೆಯ ಮೇಲೆ ನಲಿಯುತ್ತವೆ. ಇಲ್ಲಿ ಒಂದೇ ಹಾಳೆಯಲ್ಲಿ ಎರಡು ಲಿಪಿಗಳು ಕೂಡಿ ಬಂದರೆ ಯಾರೂ ಬೆರಗಾಗುವುದಿಲ್ಲ.

ಕಣ್ಣಿದ್ದವರು ಇದನ್ನು ಸಲೀಸಾಗಿ ಓದುತ್ತಾರೆ. ಯಂತ್ರವಾದರೋ ಲಿಪಿ ಬದಲಾದೊಡನೆ ಧ್ವನಿಯನ್ನೂ ಬದಲಿಸಬೇಕು. ಮರಾಠಿಯಲ್ಲಿ ‘ದರ್ಯಾ’ ಎಂದರೆ ಸಮುದ್ರ. ‘ದರ್‍ಯಾ’ ಎಂದರೆ ಕಣಿವೆಗಳು. ಎರಡನೆಯದನ್ನು ಬರೆಯುವ ಒಂದು ರೂಢಿಯಲ್ಲಿ ಇವೆರಡರ ನಡುವಣ ಅಂತರವೆಲ್ಲ ಕಣ್ಣಿಗೆ ಕಾಣದ ಆ ಒಂದು ಜೋಡಕದಲ್ಲಿ ಅಡಗಿದೆ. ತನಗೆ ತಿಳಿಯದ ಚಿಹ್ನೆಗಳನ್ನೆಲ್ಲ ಮೊದಲೇ ಕಿತ್ತೆಸೆಯುವ ತಂತ್ರಾಂಶವು ಕಣಿವೆಗಳನ್ನು ಸಮುದ್ರವನ್ನಾಗಿ ಮಾಡಿಬಿಡುತ್ತದೆ! ಭೂಗೋಳದ ಪಾಠವನ್ನು ಕೇಳುತ್ತಿರುವ ಬಾಲಕಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಪ್ರತಿಯೊಂದು ಚಿಹ್ನೆಯನ್ನೂ ಯಂತ್ರವು ಉಚ್ಚರಿಸಬೇಕೇ? ಬೇಡವೆನ್ನುವವರ ಮಾತಿನಲ್ಲಿ ಹುರುಳಿದೆ. ಹೆಜ್ಜೆಹೆಜ್ಜೆಗೆ ‘ಅಲ್ಪವಿರಾಮ’, ‘ಪೂರ್ಣವಿರಾಮ’ ಎನ್ನುತ್ತ ಹೋದರೆ ಕಿವಿ ದಣಿಯುತ್ತದೆ, ವಾಕ್ಯದ ಅರ್ಥ ಕೈತಪ್ಪುತ್ತದೆ. ಆದರೆ ಎಲ್ಲವನ್ನೂ ನುಂಗಿಬಿಡುವುದೂ ಅಪಾಯವೇ. ಐದರಲ್ಲಿ ಮೂರನ್ನು ಕಳೆಯಿರಿ ಎಂಬ ಲೆಕ್ಕದಲ್ಲಿ ಕಳೆಯುವ ಚಿಹ್ನೆ ಮೌನವಾದರೆ ಉಳಿಯುವುದು ‘ಐದು, ಮೂರು’ ಮಾತ್ರ. ಲೆಕ್ಕ ಬಲ್ಲ ವಿದ್ಯಾರ್ಥಿಯೂ ಆಗ ಉತ್ತರ ತಪ್ಪುವನು. ತಪ್ಪು ಅವನದಲ್ಲದಿದ್ದರೂ ಅಂಕ ಹೋಗುವುದು ಅವನದೇ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಎನ್‌ವಿಡಿಎಯಲ್ಲಿ ಚಿಹ್ನೆಗಳ ಒಂದು ನಿಘಂಟಿದೆ. ಪ್ರತಿ ಚಿಹ್ನೆಗೆ ಯಾವ ಪದವನ್ನು ನುಡಿಯಬೇಕು, ಓದಿನ ಯಾವ ಹಂತದಲ್ಲಿ ನುಡಿಯಬೇಕು, ಮೂಲ ಚಿಹ್ನೆಯನ್ನು ಧ್ವನಿಸಾಧನಕ್ಕೆ ಹಾಗೆಯೇ ಕಳಿಸಬೇಕೇ ಎಂಬ ಮೂರನ್ನು ಅಲ್ಲಿ ಗೊತ್ತುಮಾಡಬಹುದು. ಕಥೆ ಕೇಳುವಾಗ ಚಿಹ್ನೆಗಳು ಹಿಂದೆ ಸರಿಯಲಿ. ಲೆಕ್ಕ ಮಾಡುವಾಗ ಮುಂದೆ ಬರಲಿ. ಆಯ್ಕೆಯು ಓದುವವನ ಕೈಯಲ್ಲಿರುವುದೇ ನ್ಯಾಯ. ಯಂತ್ರಕ್ಕೆ ಆದೇಶಗಳನ್ನು ಬರೆಯುವವರು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ ಇಡಬಹುದು, ಎರಡು ಸಂಖ್ಯೆಗಳನ್ನು ಕೂಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಎರಡನ್ನೂ ಮೊದಲು ಒಂದೇ ರೂಪಕ್ಕೆ ತಂದು ಬಳಿಕ ಹೋಲಿಸುವುದು ವಿವೇಕದ ಕ್ರಮ.

ಈ ಕೆಲಸವನ್ನು ದೂರದವರು ಮಾಡಲಿ ಎಂದು ಕೈಕಟ್ಟಿ ಕುಳಿತರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ಆ ಪಟ್ಟಿಯನ್ನೇ ನಂಬಿ ಅಕ್ಷರದ ಹೆಸರನ್ನು ಹೇಳುವ ಯಂತ್ರವು ಪಂಪನ ಕಾಲದ ಅಕ್ಷರವನ್ನು ‘ಫ’ ಎಂದೇ ಕರೆದೀತು. ಆದ್ದರಿಂದ ಕನ್ನಡದ ಚಿಹ್ನೆಗಳ ನಿಘಂಟನ್ನು ಕನ್ನಡ ಬಲ್ಲವರೇ ತಿದ್ದಬೇಕು. ಕನ್ನಡ ಮರಾಠಿ ಎರಡನ್ನೂ ಬಲ್ಲ ಗಡಿನಾಡಿನ ತರುಣರು ಇದಕ್ಕೆ ತಕ್ಕವರು. ಅವರ ಪಕ್ಕದಲ್ಲಿ ಕುಳಿತು ಸರಿತಪ್ಪುಗಳನ್ನು ನಿರ್ಣಯಿಸಬೇಕಾದವರು ಮಾತ್ರ ಕಿವಿಯಿಂದ ಓದುವವರೇ.

ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು 2017ರಲ್ಲಿ ಜಾರಿಗೆ ಬಂದಿದೆ. ಮಾಹಿತಿಯು ಅವರಿಗೂ ಎಟುಕುವಂತಿರಬೇಕೆಂಬುದು ಅದರ ಆಶಯ. ಆದರೆ ಕಾಯಿದೆಯು ಅನುಸ್ವಾರವನ್ನು ತಿದ್ದಲಾರದು. ಅದನ್ನು ತಿದ್ದಬೇಕಾದುದು ಬರೆಯುವ ಕೈ. ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸುವ ಅಧ್ಯಾಪಕ, ಪಹಣಿಯನ್ನು ದಾಖಲಿಸುವ ಗುಮಾಸ್ತ, ಗೆಳೆಯನಿಗೆ ಟಿಪ್ಪಣಿ ಕಳಿಸುವ ವಿದ್ಯಾರ್ಥಿ, ಇವರೆಲ್ಲರೂ ಸೊನ್ನೆಯ ಸ್ಥಾನದಲ್ಲಿ ಸೊನ್ನೆಯನ್ನೂ ಅನುಸ್ವಾರದ ಸ್ಥಾನದಲ್ಲಿ ಅನುಸ್ವಾರವನ್ನೂ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಹಣ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ತುಸು ಗಮನ ಸಾಕು.

ಶುದ್ಧ ಬರೆಹವು ಪಾಂಡಿತ್ಯದ ಪ್ರದರ್ಶನವೆಂದು ಕೆಲವರು ಹಗುರವಾಗಿ ಆಡುವುದುಂಟು. ಅದು ಹಾಗಲ್ಲ. ಒಬ್ಬನು ಮತ್ತೊಬ್ಬರ ನೆರವು ಬೇಡದೆ ತನ್ನ ಪಾಠವನ್ನು ತಾನೇ ಓದಿಕೊಳ್ಳುವ ಸ್ವಾತಂತ್ರ್ಯವು ಆ ಒಂದು ಚಿಹ್ನೆಯ ಶುದ್ಧಿಯನ್ನು ಅವಲಂಬಿಸಿದೆ. ಅಷ್ಟು ಸಣ್ಣ ಗುರುತಿನ ಮೇಲೆ ಅಷ್ಟು ದೊಡ್ಡ ಸ್ವಾತಂತ್ರ್ಯ ನಿಂತಿರುವಾಗ, ಅದನ್ನು ಸರಿಯಾಗಿ ಬರೆಯುವುದು ವ್ಯಾಕರಣದ ನಿಯಮ ಮಾತ್ರವಲ್ಲ, ನೆರೆಯವನಿಗೆ ಸಲ್ಲಬೇಕಾದ ಋಣವೂ ಹೌದು.